ಬಾಲ ನೆಯ್ದ ನೇಕಾರ

"ಗುರುಗಳೇ, ಹೋದವರ ಹಂಬಲ ಯಾವಾಗ ತೀರುತ್ತದೆ?"

ರೇವಯ್ಯ ಇದನ್ನು ಕೇಳಿದ್ದು ಮಧ್ಯಾಹ್ನದ ಪ್ರಸಾದ ಮುಗಿದ ಮೇಲೆ, ಗುಡ್ಡದ ಮಠದ ಕಟ್ಟೆಯಲ್ಲಿ. ಅವನು ಈ ಮಠದಲ್ಲಿ ಬೆಳೆದವನಲ್ಲ. ಹೊಳೆಯಾಚೆಯ ಮಠದ ಹಿರಿಯ ಗುರುಗಳು ಅವನನ್ನು ಚಿಕ್ಕಂದಿನಿಂದ ಸಾಕಿ, ಅಕ್ಷರ ಕಲಿಸಿ, ಮನುಷ್ಯನನ್ನಾಗಿ ಮಾಡಿದ್ದರು. ಅವರು ಲಿಂಗೈಕ್ಯರಾದ ಮೇಲೆ ಅಲ್ಲಿರಲಾರದೆ ಒಂದು ಬಟ್ಟೆಗಂಟು ಹೊತ್ತು ಇಲ್ಲಿಗೆ ಬಂದ. ಈ ಗುರುಗಳು ಯಾಕೆ ಬಂದೆ, ಎಷ್ಟು ದಿನ ಇರುತ್ತೀ ಎಂದು ಕೇಳಲಿಲ್ಲ. ಕೈಕಾಲು ತೊಳೆದು ಬಾ, ಊಟ ಮಾಡು ಎಂದರು.

ಅವನ ಸೇವೆಗೆ ಹೆಸರಿಡುವಂತಿರಲಿಲ್ಲ. ಆದರೆ ಆ ಸೇವೆಯೆಲ್ಲ ಹಳೆಯ ಅಳತೆಯದು. ಹಿರಿಯ ಗುರುಗಳು ಅಂಬಲಿಗೆ ಉಪ್ಪು ಹಾಕಿಸಿಕೊಳ್ಳುತ್ತಿರಲಿಲ್ಲ. ಇವರಿಗೂ ಅವನು ಸಪ್ಪೆ ಅಂಬಲಿಯನ್ನೇ ತಂದಿಡುತ್ತಿದ್ದ. ಅವರು ಮೂಡಲಿಗೆ ಮುಖಮಾಡಿ ಪಾಠ ಹೇಳುತ್ತಿದ್ದರು. ಇವರ ಚಾಪೆಯನ್ನೂ ಮೂಡಲಿಗೇ ಹಾಸುತ್ತಿದ್ದ. ಅವರ ಹಳೆಯ ಶಾಲು ಅವನ ಗಂಟಿನಲ್ಲಿತ್ತು. ಅದನ್ನು ಇವರ ಹೆಗಲಿಗೆ ಹೊದಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತು ನೋಡುತ್ತಿದ್ದ. ಗುರುಗಳು ಯಾವುದಕ್ಕೂ ಬೇಡ ಎಂದವರಲ್ಲ. ಆ ಮಧ್ಯಾಹ್ನದ ಬಿಸಿಲಿನಲ್ಲೂ ಶಾಲು ಅವರ ಹೆಗಲ ಮೇಲೆಯೇ ಇತ್ತು.

ಇಷ್ಟೆಲ್ಲ ಮಾಡಿದರೂ ರೇವಯ್ಯನ ಮನಸ್ಸು ನೆಲೆ ನಿಲ್ಲಲಿಲ್ಲ. ಪಾಠದ ನಡುವೆ ಹೊಳೆಯಾಚೆಯ ದನಿ ಕೇಳಿಸುತ್ತಿತ್ತು. ಹೀಗೇ ಆದರೆ ಇಲ್ಲೂ ಇರಲಾರೆ, ಮತ್ತೆಲ್ಲೂ ಇರಲಾರೆ ಎಂದು ಅವನಿಗೆ ಹೆದರಿಕೆಯಾಗಿತ್ತು. ಅದಕ್ಕೇ ಕೇಳಿದ.

ಗುರುಗಳು ಕುತ್ತಿಗೆಯ ಬೆವರು ಒರೆಸಿಕೊಂಡರು. "ನನಗೆ ಉತ್ತರ ಗೊತ್ತಿಲ್ಲ. ಒಂದು ಕತೆ ಗೊತ್ತಿದೆ" ಎಂದರು. ಅವರು ಹೇಳಿದ ಕತೆ ಇದು.

ಒಂದೂರಿನಲ್ಲಿ ನೇಕಾರರ ಕೇರಿಯಿತ್ತು. ಆ ಕೇರಿಯಲ್ಲೊಂದು ರೂಢಿ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ನೂಲು ಸುತ್ತುವ ರಾಟೆಯ ಜೊತೆಗೆ ಒಂದು ಬೆಕ್ಕಿನ ಮರಿಯನ್ನೂ ಬುಟ್ಟಿಯಲ್ಲಿಟ್ಟು ಕಳಿಸಬೇಕು. ಬಂಗಾರ ಕಡಿಮೆಯಾದರೆ ಬೀಗರು ಹೇಗೋ ಸಹಿಸುತ್ತಿದ್ದರು. ಬೆಕ್ಕು ಬಾರದಿದ್ದರೆ ಮಾತ್ರ ಮೊಮ್ಮಕ್ಕಳಾಗುವವರೆಗೂ ಆಡಿಕೊಳ್ಳುತ್ತಿದ್ದರು. ಕಾರಣ ಸಣ್ಣದೇ. ಮಗ್ಗಕ್ಕೆ ಏರಿಸುವ ನೂಲಿಗೆ ಅನ್ನದ ಗಂಜಿ ಹಾಕುತ್ತಾರೆ. ಗಂಜಿಯ ವಾಸನೆಗೆ ಇಲಿ ಬರುತ್ತದೆ. ಇಲಿ ಒಮ್ಮೆ ಹಲ್ಲಿಟ್ಟರೆ ಒಂದು ಸೀರೆ ಹೋಯಿತು ಎಂದೇ ಲೆಕ್ಕ. ಹಾಗಾಗಿ ಆ ಕೇರಿಯಲ್ಲಿ ದೇವರಿಲ್ಲದ ಮನೆ ಇದ್ದೀತು, ಬೆಕ್ಕಿಲ್ಲದ ಮನೆ ಇರಲಿಲ್ಲ.

ಅಲ್ಲಿ ಒಬ್ಬ ನೇಕಾರನಿದ್ದ. ಅವನ ಹೆಂಡತಿ ತವರಿನಿಂದ ಬರುವಾಗ ಒಂದು ಬೂದುಬಣ್ಣದ ಮರಿ ತಂದಳು. ಅದಕ್ಕೆ ಬೆಳ್ಳಿ ಎಂದು ಹೆಸರಿಟ್ಟಳು. ನೇಕಾರನದು ಗುಂಡಿಮಗ್ಗ. ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು, ಅಂಚಿನ ಮೇಲೆ ಕುಳಿತು ನೆಯ್ಯಬೇಕು. ತುಳಿಯುವ ಹಲಗೆಗಳು ಗುಂಡಿಯೊಳಗೆ, ಕಣ್ಣಿಗೆ ಕಾಣದ ಕಡೆ. ಬೆಳ್ಳಿ ಆ ಗುಂಡಿಗೆ ಇಳಿದು, ಹಲಗೆಗಳ ಪಕ್ಕದಲ್ಲಿ ಮುದುಡಿ ಮಲಗಿ, ತನ್ನ ಬಾಲವನ್ನು ನೇಕಾರನ ಪಾದದ ಮೇಲೆ ಹಾಕುತ್ತಿತ್ತು. ಅವನು ತುಳಿದಂತೆಲ್ಲ ಬಾಲವೂ ಏಳುತ್ತಿತ್ತು, ಇಳಿಯುತ್ತಿತ್ತು. ಎದುರಿಗೆ ಹೆಂಡತಿ ರಾಟೆ ತಿರುಗಿಸುತ್ತ ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿಗೆ ಹಾಕುವ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು. ಅವರ ಸಂಸಾರವೆಂದರೆ ಇಷ್ಟೇ. ಮಕ್ಕಳಾಗಲಿಲ್ಲ, ಆಗಲಿಲ್ಲವಲ್ಲ ಎಂದು ಕೊರಗುವುದಕ್ಕೆ ಅವರಿಗೆ ಪುರುಸೊತ್ತೂ ಆಗಲಿಲ್ಲ.

ಒಂದು ಮಳೆಗಾಲದ ಜ್ವರದಲ್ಲಿ ಹೆಂಡತಿ ಹೋದಳು. ಬೆಳ್ಳಿಯೂ ಮುದಿಯಾಗಿತ್ತು. ಬರುವ ಯುಗಾದಿಯನ್ನು ಅದೂ ಕಾಣಲಿಲ್ಲ.

ಗಂಡನನ್ನು ಕಳೆದುಕೊಂಡಿದ್ದ ನೇಕಾರನ ಅಕ್ಕ ಬಂದು ಮನೆಗೆ ನಿಂತಳು. ಅನ್ನ ಮಾಡಿದಳು, ಗಂಜಿ ಕಾಯಿಸಿದಳು, ರಾಟೆಗೂ ಕುಳಿತಳು. ನೇಕಾರ ಅವಳ ಮೇಲೆ ದೂರು ಹೇಳುವಂತಿರಲಿಲ್ಲ. ಆದರೂ ಅಕ್ಕನ ಕೈಯಲ್ಲಿ ರಾಟೆಯ ಸದ್ದೇ ಬೇರೆ ಎನ್ನಿಸುತ್ತಿತ್ತು ಅವನಿಗೆ. ಹೆಂಡತಿ ಜ್ವರ ಬರುವ ಮೊದಲು ಸುತ್ತಿಟ್ಟ ಕಂಡಿಕೆಗಳು ಒಂದು ಬುಟ್ಟಿಯಲ್ಲಿ ಉಳಿದಿದ್ದವು. ಆ ಬುಟ್ಟಿಯನ್ನು ಗೂಟಕ್ಕೆ ತೂಗುಹಾಕಿ, ಯಾರೂ ಮುಟ್ಟಕೂಡದು ಎಂದಿದ್ದ. ಮಗ್ಗದಲ್ಲಿ ಕುಳಿತರೆ ಅವನ ಬಲಗಾಲು ತುಳಿಯುವುದನ್ನು ನಡುನಡುವೆ ಮರೆಯುತ್ತಿತ್ತು. ಪಾದದ ಮೇಲೆ ಒಂದು ಭಾರ ಬೀಳಬೇಕು, ಇನ್ನೂ ಬೀಳಲಿಲ್ಲವಲ್ಲ ಎಂದು ಅದು ಕಾಯುತ್ತಿತ್ತು. ಕಾಲಿಗೆ ಸಾವು ತಿಳಿಯುವುದಿಲ್ಲ ನೋಡು. ನೆಯ್ದ ಬಟ್ಟೆ ಸಡಿಲಾಯಿತು.

ಇಲಿಗಳಿಗೆ ಮಾತ್ರ ಎಲ್ಲ ತಿಳಿಯಿತು. ಬೆಕ್ಕಿಲ್ಲದ ಮನೆಯ ಸುದ್ದಿ ಅವುಗಳಿಗೆ ಯಾರೂ ಸಾರಬೇಕಾಗಿಲ್ಲ. ಮದುವೆಯೊಂದಕ್ಕೆ ನೆಯ್ಯುತ್ತಿದ್ದ ಸೀರೆಯ ಹಾಸಿನ ಉದ್ದೆಳೆಗಳನ್ನು ಅವು ಬೆಳಗಾಗುವುದರೊಳಗೆ ಕತ್ತರಿಸಿ ಹಾಕಿದವು. ಮನೆಗೊಂದು ಬೆಕ್ಕು ತರಲೇಬೇಕೆಂದು ಅಕ್ಕ ಅಂದೇ ತೀರ್ಮಾನ ಮಾಡಿದಳು. ಕೇರಿಯಲ್ಲಿ ಮರಿಗಳಿದ್ದವು. ಆದರೆ ಯಾವ ಮರಿ ತೋರಿಸಿದರೂ ತಮ್ಮ ಒಲ್ಲೆ ಎನ್ನುತ್ತಿದ್ದ. ಒಂದರ ಕಣ್ಣು ಬೆಳ್ಳಿಯ ಹಾಗಿಲ್ಲ, ಒಂದರ ನಡೆ ಬೆಳ್ಳಿಯ ಹಾಗಿಲ್ಲ. ಹೆಣ್ಣು ನೋಡಲು ಹೋದ ಗಂಡಿನ ಕಡೆಯವರೂ ಇಷ್ಟು ಕೊಂಕು ತೆಗೆಯಲಾರರು.

ಆಗ ಬಂದರಿನ ಕಡೆಯಿಂದ ನೂಲಿನ ವ್ಯಾಪಾರಿ ಬಂದ. ಅವನ ಗಾಡಿಯಲ್ಲಿ ಒಂದು ಬೆಕ್ಕಿತ್ತು. ಮೈತುಂಬ ದಟ್ಟ ಕೂದಲು. ಹಿಂಗಾಲು ಉದ್ದ, ನಡೆದರೆ ಮೊಲದಂತೆ ಕುಪ್ಪಳಿಸುತ್ತಿತ್ತು. ಬಾಲ ಮಾತ್ರ ಇಲ್ಲ. ಮೊಂಡೂ ಇಲ್ಲ, ಬಾಲವಿರಬೇಕಾದ ಕಡೆ ಒಂದು ಸಣ್ಣ ಗುಳಿ. ಯಾರು ಕತ್ತರಿಸಿದರು ಎಂದು ಅಕ್ಕ ಕೇಳಿದಳು. ಯಾರೂ ಇಲ್ಲ ಎಂದ ವ್ಯಾಪಾರಿ. ದೂರದ ಕಡಲಿನ ಒಂದು ದ್ವೀಪದಲ್ಲಿ ಈ ತಳಿಯೇ ಹೀಗಂತೆ. ಇದರ ತಾಯಿಗೂ ಬಾಲವಿಲ್ಲ, ಅಜ್ಜಿಗೂ ಇಲ್ಲ. ಇಲಿ ಹಿಡಿಯುವುದರಲ್ಲಿ ಗಟ್ಟಿ ಎಂದು ಹಡಗಿನವರು ಸಾಕುತ್ತಾರೆ. ಇದನ್ನು ಮರಿಯಿದ್ದಾಗಲೇ ತಾಯಿಯಿಂದ ಬಿಡಿಸಿ ಹಡಗಿಗೆ ಹಾಕಿದ್ದರು. ಅಂದಿನಿಂದ ಇದು ಯಾರ ತೊಡೆಯನ್ನೂ ಏರಿಲ್ಲ, ಯಾರ ಕೈಯನ್ನೂ ಮೂಸಿಲ್ಲ. ಬೇಕಿದ್ದರೆ ಇಟ್ಟುಕೊಳ್ಳಿ ಎಂದ ವ್ಯಾಪಾರಿ.

ಬೆಳ್ಳಿಯ ಹಾಗೆ ಏನೇನೂ ಇಲ್ಲದ ಬೆಕ್ಕಾದರೆ ತಮ್ಮ ಹೋಲಿಸುವ ಗೋಜಿಗೇ ಹೋಗಲಾರ ಎಂದು ಅಕ್ಕನ ಲೆಕ್ಕಾಚಾರ. ಗೋಣಿಯಲ್ಲಿ ತಂದು, ಮನೆ ಬಿಟ್ಟು ಹೋಗದಿರಲೆಂದು ಒಲೆಯ ಸುತ್ತ ಸುತ್ತಿಸಿ, ಬಟ್ಟಲಲ್ಲಿ ಹಾಲಿಟ್ಟು, ಇನ್ನು ನೀನು ಈ ಮನೆಯವಳು ಎಂದಳು. ಕೇರಿಯವರ ಬಾಯಿಗೆ ಹಬ್ಬವಾಯಿತು. ಬಾಲ ಎತ್ತಿದ ಬೆಕ್ಕು ಎದುರಾದರೆ ಒಂದು ಶಕುನ, ಇಳಿಸಿದ್ದು ಎದುರಾದರೆ ಇನ್ನೊಂದು. ಬಾಲವೇ ಇಲ್ಲದ್ದು ಎದುರಾದರೆ ಮನೆಗೆ ತಿರುಗಬೇಕೋ ಮುಂದೆ ಹೋಗಬೇಕೋ ಎಂದು ನಗಾಡಿದರು. ಈ ಬೆಕ್ಕು ನಮ್ಮ ಮುಂದೆ ಬಾಲ ಬಿಚ್ಚುವ ಹೆದರಿಕೆಯಿಲ್ಲ ಎಂದರು. ಬೆಕ್ಕು ಇದನ್ನೆಲ್ಲ ಕೇಳಿಸಿಕೊಳ್ಳಲಿಲ್ಲ. ಹುಣ್ಣಿಮೆ ಬರುವುದರೊಳಗೆ ಮನೆಯಲ್ಲಿ ಇಲಿಯ ಸದ್ದಡಗಿತು.

ಆಮೇಲೊಂದು ದಿನ ಅದು ಗುಂಡಿಗೆ ಇಳಿಯಿತು. ಯಾರೂ ಕರೆದಿರಲಿಲ್ಲ. ಹಲಗೆಗಳ ಪಕ್ಕ ಕುಳಿತು ಸ್ವಲ್ಪ ಹೊತ್ತು ನೇಕಾರನ ಕಾಲನ್ನು ನೋಡಿತು. ಮತ್ತೆ ಮುಂದೆ ಬಂದು ತನ್ನ ಹಣೆಯನ್ನು ಅವನ ಹಿಮ್ಮಡಿಗೆ ಒತ್ತಿ ಹಾಗೇ ನಿಂತಿತು. ಹಡಗಿನಲ್ಲಿ ಯಾರಿಗೂ ಒಲಿಯದಿದ್ದ ಬೆಕ್ಕು ಅದು.

ನೇಕಾರನ ಮೈ ಜುಮ್ಮೆಂದಿತು. ಎಷ್ಟೋ ಕಾಲದ ಮೇಲೆ ಕಾಲಿಗೊಂದು ಜೀವ ತಾಗಿತ್ತು. ಅವನು ಕಣ್ಣು ಮುಚ್ಚಿಕೊಂಡು, ಈಗ ಪಾದದ ಮೇಲೆ ಬಾಲ ಬೀಳುತ್ತದೆ ಎಂದು ಕಾದ. ಬೀಳಲಿಲ್ಲ. ಬೀಳುವುದಾದರೂ ಹೇಗೆ? ಆಗ ಅವನಿಗೆ ಹೆಂಡತಿ ಸತ್ತ ದಿನಕ್ಕಿಂತ ಹೆಚ್ಚು ದುಃಖವಾಯಿತು. ಕಾಲು ಎಳೆದುಕೊಂಡ. ಬೆಕ್ಕು ಮರುದಿನವೂ ಬಂತು, ಹಣೆ ಒತ್ತಿತು. ಅವನು ಮತ್ತೆ ಕಾಲು ಎಳೆದುಕೊಂಡ. ಅದಕ್ಕೆ ಬೇಸರವೆಂಬುದು ತಿಳಿಯದು, ದಿನಾ ಬಂತು.

ಕೊನೆಗೆ ಅವನಿಗೊಂದು ಉಪಾಯ ಹೊಳೆಯಿತು. ಕುಂಬಾರನಾಗಿದ್ದರೆ ಈ ತಪ್ಪು ಮಾಡುತ್ತಿರಲಿಲ್ಲ, ಬಡಗಿಯಾಗಿದ್ದರೂ ಮಾಡುತ್ತಿರಲಿಲ್ಲ. ನೇಕಾರನಿಗೆ, ಇಲ್ಲದ್ದನ್ನು ನೂಲಿನಿಂದ ಮಾಡಿಕೊಳ್ಳಬಹುದು ಎಂಬ ಧೈರ್ಯ. ಗೂಟದ ಮೇಲಿನ ಬುಟ್ಟಿಯನ್ನು ತಾನೇ ಇಳಿಸಿದ. ಹೆಂಡತಿ ಸುತ್ತಿದ ಕಂಡಿಕೆಗಳನ್ನು ಒಂದೊಂದಾಗಿ ಲಾಳಿಗೆ ಹಾಕಿದ. ಅವಳ ಬೆರಳಿನ ಬಿಗಿ ಇನ್ನೂ ನೂಲಿನಲ್ಲಿತ್ತು. ನೆಯ್ಯುವಾಗ ಅದು ಅವನ ಕೈಗೆ ಗೊತ್ತಾಗುತ್ತಿತ್ತು. ನೆಯ್ಯುತ್ತ ಅತ್ತ. ಕಿರಿದಾದ ಒಂದು ಬೂದುಪಟ್ಟಿ ನೆಯ್ದು, ಮಡಚಿ ಹೊಲಿದು, ಒಳಗೆ ಹತ್ತಿ ತುಂಬಿದ. ಬಾಲವಾಯಿತು. ಅದನ್ನು ಬೆಕ್ಕಿನ ಸೊಂಟಕ್ಕೆ ಕಟ್ಟಲು ಒಂದು ನಡುಪಟ್ಟಿಯನ್ನೂ ನೆಯ್ದ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಜಗತ್ತು ಕೇಳುತ್ತಲೇ ಇದೆ. ಇವನು ಬಾಲವನ್ನೇ ಕಟ್ಟಿದ.

ಬೆಕ್ಕು ಕಟ್ಟಿಸಿಕೊಂಡಿತು. ಪರಚಲಿಲ್ಲ, ಕಚ್ಚಿ ಹರಿಯಲಿಲ್ಲ. ಅವನ ಕೈ ತನ್ನ ಮೈಮೇಲೆ ಆಡಿದ್ದು ಅದೇ ಮೊದಲಾದ್ದರಿಂದ ಸುಮ್ಮನೆ ನಿಂತಿರಬೇಕು. ಬಾಲವನ್ನು ಎಳೆದುಕೊಂಡೇ ನಡೆಯಿತು. ಗೋಡೆಗೆ ಹಾರಲು ಹೋಗಿ ಬಿತ್ತು. ಇಲಿಗಳು ಮತ್ತೆ ಅಟ್ಟದಲ್ಲಿ ಓಡಾಡಿದವು. ಗುಂಡಿಗೆ ಇಳಿದಾಗ ಹಣೆ ಒತ್ತಲು ಮುಂದೆ ಬಂದರೆ ನೇಕಾರ ಅದನ್ನು ಮೆಲ್ಲಗೆ ತಿರುಗಿಸಿ ಕೂರಿಸುತ್ತಿದ್ದ. ಬಾಲ ಪಾದದ ಮೇಲೆ ಬರಬೇಕಾದರೆ ಬೆಕ್ಕು ಬೆನ್ನು ಹಾಕಿ ಕೂರಲೇಬೇಕಲ್ಲ. ಅದು ಗುಂಡಿಯ ಮಣ್ಣಿನ ಗೋಡೆಗೆ ಮುಖಮಾಡಿ ಕುಳಿತಿರುತ್ತಿತ್ತು. ಅವನು ಅದನ್ನು ಬೆಳ್ಳಿ ಎಂದು ಕರೆಯತೊಡಗಿದ.

ಆ ದಿನಗಳಲ್ಲಿ ನೇಕಾರ ಸುಖವಾಗಿದ್ದ. ಅದನ್ನೂ ಹೇಳಬೇಕು. ಕಣ್ಣು ಮುಚ್ಚಿ ಹಾಲು ಕುಡಿಯುವುದು ಬೆಕ್ಕೊಂದೇ ಅಲ್ಲ. ಅವನೂ ಕಣ್ಣು ಮುಚ್ಚಿ ನೆಯ್ಯುತ್ತಿದ್ದ. ಪಾದದ ಮೇಲೆ ಭಾರ, ಕಿವಿಯಲ್ಲಿ ರಾಟೆ, ಎದುರಿಗೆ ಅವಳು. ಬಟ್ಟೆ ಮತ್ತೆ ಬಿಗಿಯಾಯಿತು.

ಅಕ್ಕ ಎಷ್ಟು ದಿನ ನೋಡಿಯಾಳು? ಬೆಕ್ಕಿನ ಹೊಟ್ಟೆಯ ಕೂದಲು ಪಟ್ಟಿಗೆ ಉಜ್ಜಿ ಉದುರಿದ್ದನ್ನು ಕಂಡು ಮಗ್ಗದ ಮುಂದೆ ಬಂದು ನಿಂತಳು.

"ಅದಕ್ಕ ಬಾಲ ಬೇಕಾಗಿಲ್ಲೋ ತಮ್ಮಾ" ಎಂದಳು.

"ನನಗ ಬೇಕಾಗೇದ ಅಕ್ಕಾ" ಎಂದ ಅವನು.

ಅಕ್ಕನಿಗೂ ಒಬ್ಬ ಗಂಡನಿದ್ದ, ಅವನೂ ಹೋಗಿದ್ದ. ಆ ಹಸಿವು ಎಂಥದ್ದೆಂದು ಅವಳಿಗೆ ಗೊತ್ತಿತ್ತು. ಹಿತ್ತಿಲಿಗೆ ಹೋಗಿ ಗಂಜಿ ಕಾಯಿಸುತ್ತ ಕುಳಿತಳು.

ಒಂದು ದಿನ ಅವನು ಹಾಗೇ ಕಣ್ಣು ಮುಚ್ಚಿ ನೆಯ್ಯುತ್ತಿದ್ದಾಗ ಪಾದದ ಮೇಲಿನ ಬಾಲ ಅಲುಗಿತು. ಅವನು ತುಳಿದದ್ದರಿಂದ ಅಲ್ಲ, ತಾನಾಗಿಯೇ ಅಲುಗಿತು. ಕೈ ಒಂದು ಕ್ಷಣ ನಿಂತಿತು. ಬಾಲ ಮತ್ತೆ ಅಲುಗಿತು, ಹೊರಳಿತು, ಪಾದಕ್ಕೆ ಬಡಿಯಿತು. ಬೆಳ್ಳಿ ಖುಷಿಯಾದಾಗ ಹೀಗೇ ಬಡಿಯುತ್ತಿತ್ತು. ಅವನ ಮುಚ್ಚಿದ ಕಣ್ಣುಗಳಿಂದ ನೀರು ಇಳಿಯಿತು. ನನ್ನ ನೂಲಿಗೆ ಜೀವ ಬಂತು ಎಂದುಕೊಂಡ. ಇನ್ನೂ ಬೇಗ ಬೇಗ ತುಳಿದ. ಅವನು ತುಳಿದಷ್ಟೂ ಬಾಲ ಬಡಿದುಕೊಂಡಿತು. ಇದಕ್ಕಿಂತ ಹೆಚ್ಚಿನದನ್ನು ಅವನು ಯಾವ ದೇವರಲ್ಲೂ ಬೇಡಿದವನಲ್ಲ.

ಗಂಜಿಯ ಪಾತ್ರೆ ತಂದ ಅಕ್ಕ ಗುಂಡಿಯೊಳಗೆ ಇಣುಕಿದಳು. ಪಾತ್ರೆ ಕೈಬಿಟ್ಟು ಅಲ್ಲೇ ಕುಕ್ಕರಿಸಿ, ಅವನ ಕಾಲನ್ನು ಎರಡೂ ಕೈಯಿಂದ ಹಿಡಿದು ನಿಲ್ಲಿಸಿದಳು. ಬಾಲ ಹಲಗೆಯ ಹಗ್ಗಕ್ಕೆ ಸಿಕ್ಕಿಕೊಂಡಿತ್ತು. ಅವನು ತುಳಿದಂತೆಲ್ಲ ಹಗ್ಗ ಸುತ್ತಿ, ನಡುಪಟ್ಟಿ ಬೆಕ್ಕಿನ ಹೊಟ್ಟೆಯನ್ನು ಹಿಂಡಿತ್ತು. ಕೂಗಲು ಅದಕ್ಕೆ ಉಸಿರೇ ಇರಲಿಲ್ಲ. ಕೂಗಿದ್ದರೂ ಮಗ್ಗದ ಸದ್ದಿನಲ್ಲಿ ಯಾರಿಗೆ ಕೇಳಬೇಕು?

ಅಕ್ಕ ನೂಲು ಕತ್ತರಿಸುವ ಕತ್ತರಿಯಿಂದ ಪಟ್ಟಿಯನ್ನು ಕತ್ತರಿಸಿದಳು. ಬೆಕ್ಕು ಅವಳ ಮಡಿಲಲ್ಲಿ ಬಾಯಿ ತೆರೆದು ಮಲಗಿತ್ತು. ನೇಕಾರ ಅದರ ಮುಖವನ್ನು ಅಂದೇ ಸರಿಯಾಗಿ ನೋಡಿದ್ದು. ಎರಡು ಕಣ್ಣಿಗೂ ಎರಡು ಬಣ್ಣ; ಒಂದು ಜೇನಿನದು, ಒಂದು ತಿಳಿಹಸಿರು. ಮನೆಗೆ ಬಂದಾಗಿನಿಂದ ಅವು ಹಾಗೇ ಇದ್ದವು. ಅವನಿಗೆ ನಾಚಿಕೆಯಾಯಿತು. ಸ್ವಲ್ಪ ಹೊತ್ತಿಗೆ ಬೆಕ್ಕಿಗೆ ಉಸಿರು ಬಂತು. ಎದ್ದಿತು, ತೂರಾಡಿತು, ಗೋಡೆಗೆ ಹಾರಿತು. ಹಗುರಾಗಿದ್ದರಿಂದ ಈ ಸಲ ಬೀಳಲಿಲ್ಲ. ಅಲ್ಲಿಂದ ಬಾಗಿಲಾಚೆ ಜಿಗಿದು ಎದುರುಮನೆಯ ಮಾಳಿಗೆ ಸೇರಿತು.

ನೇಕಾರ ಬಾಗಿಲಿಗೆ ಓಡಿದ. ಬೆಳ್ಳೀ ಎಂದು ಕೂಗಿದ. ಬೆಕ್ಕು ತಿರುಗಲಿಲ್ಲ. ಬೇರೆ ಏನೆಂದು ಕರೆಯಬೇಕೋ ಅವನಿಗೆ ತಿಳಿಯಲಿಲ್ಲ. ಅದಕ್ಕೆ ಅದರದೇ ಆದ ಹೆಸರನ್ನು ಅವನು ಇಟ್ಟೇ ಇರಲಿಲ್ಲ.

ಅದು ಕೇರಿ ಬಿಟ್ಟು ಹೋಗಲಿಲ್ಲ. ಸಂಜೆಗೊಮ್ಮೆ ಮಾಳಿಗೆಯ ಅಂಚಿಗೆ ಬಂದು ಈ ಮನೆಯ ಬಾಗಿಲನ್ನು ನೋಡುತ್ತ ಕೂರುತ್ತಿತ್ತು. ನೇಕಾರ ಹೊಸ್ತಿಲಾಚೆ ಹಾಲಿಡುತ್ತಿದ್ದ. ಅವನು ಒಳಗೆ ಸರಿದ ಮೇಲೆ ಇಳಿದು ಬಂದು ಕುಡಿಯುತ್ತಿತ್ತು. ಹೊಸ್ತಿಲು ಮಾತ್ರ ದಾಟುತ್ತಿರಲಿಲ್ಲ. ಅವನು ನೂಲಿನ ಬಾಲವನ್ನು ಬಿಚ್ಚಿ, ಹತ್ತಿ ತೆಗೆದು, ಎಳೆಗಳನ್ನು ಅಕ್ಕನ ಮುಂದಿಟ್ಟ. ಅಕ್ಕ ಕಂಡಿಕೆಗೆ ಸುತ್ತಿಕೊಟ್ಟಳು. ಅದು ಯಾರದೋ ಮನೆಯ ಸೀರೆಯ ಅಂಚಾಗಿ ಹೋಯಿತು.

ಅವನು ಮತ್ತೆ ಮಗ್ಗಕ್ಕೆ ಕುಳಿತ. ಕಾಲು ಮತ್ತೆ ತುಳಿಯುವುದನ್ನು ಮರೆಯತೊಡಗಿತು. ಪಾದದ ಮೇಲೆ ಏನೂ ಬೀಳಲಿಲ್ಲವೆಂದು ಮರೆತದ್ದಲ್ಲ. ಹಿಮ್ಮಡಿಯಲ್ಲಿ ಒಂದು ಹಣೆಯಗಲದ ಜಾಗ ತಣ್ಣಗಾಗಿತ್ತು. ಅವನು ಕಣ್ಣು ತೆರೆದೇ ಕಾಯುತ್ತಿದ್ದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ರೇವಯ್ಯ ಮುಂದಿನ ಮಾತಿಗೆ ಕಾದ. ಬೆಕ್ಕು ಹೊಸ್ತಿಲು ದಾಟಿ ಬಂತು ಎಂದು ಗುರುಗಳು ಹೇಳಬೇಕೆಂದು ಅವನ ಮನಸ್ಸು ಬಯಸುತ್ತಿತ್ತು. ಅವರು ಹೇಳಲಿಲ್ಲ. ಕತೆ ಮುಗಿಯಿತೆಂದು ಅವನಿಗೆ ತಡವಾಗಿ ತಿಳಿಯಿತು. ತನ್ನ ಪ್ರಶ್ನೆ ಹಾಗೇ ಉಳಿಯಿತಲ್ಲ ಎಂದು ಸಂಕಟವಾಯಿತು.

"ಹಾಗಾದರೆ ಕೊನೆಗೂ ಆ ನೇಕಾರನ ಹಂಬಲ ತೀರಿತೋ ಇಲ್ಲವೋ, ಗುರುಗಳೇ?" ಎಂದು ಕೇಳಿದ.

ಗುರುಗಳು ಮುಂದೆ ಬಾಗಿ ಅವನ ಮುಖವನ್ನೇ ನೋಡಿದರು. ಅವರ ಕಣ್ಣುಗಳನ್ನು ತಾನು ಇಷ್ಟು ಹತ್ತಿರದಿಂದ ನೋಡಿಯೇ ಇಲ್ಲ ಎಂದು ರೇವಯ್ಯನಿಗೆ ಆಗ ಅನ್ನಿಸಿತು.

"ನೇಕಾರನ ಹಂಬಲ ಏನಾಯಿತೆಂದು ಕೇಳಿದೆ, ದಿನಾ ಬಂದು ಅವನ ಹಿಮ್ಮಡಿಗೆ ಹಣೆ ಒತ್ತುತ್ತಿದ್ದ ಆ ಬೆಕ್ಕಿನ ಹಂಬಲ ಏನಾಯಿತೆಂದು ಅವನಂತೆ ನೀನೂ ಕೇಳಲಿಲ್ಲ."